ಹದಿನೇಳು ಜನರಲ್ಲಿ ಹದಿನೇಳನೆಯವಳು

ನಮ್ಮ ಮನೆಯವರ ವಾಟ್ಸಾಪ್ ಗುಂಪಿನಲ್ಲಿ ಶುಭೋದಯ, ಹುಟ್ಟುಹಬ್ಬ, ಕಾಫಿ ರೇಟು ಬಿಟ್ಟರೆ ಬೇರೇನೂ ಬರುವುದಿಲ್ಲ. ಮೊನ್ನೆ ಭಾನುವಾರ ಮಾತ್ರ ಬೆಳಗ್ಗೆ ಬಿದ್ದ ಒಂದು ಫೋಟೋಗೆ ರಾತ್ರಿ ಹತ್ತರವರೆಗೂ ಜಗಳ ನಡೆಯಿತು. ಜಗಳದ ಮೂಲ ನಾನೇ. ಅದನ್ನು ಹಾಗೇ ಇಲ್ಲಿ ಇಳಿಸಿದ್ದೇನೆ. ಯಾರ ಹೆಸರೂ ಹಾಕಿಲ್ಲ, ನನ್ನ ಫೋನಿನಲ್ಲಿ ಯಾರು ಹೇಗೆ ಸೇವ್ ಆಗಿದ್ದಾರೋ ಹಾಗೆ ಇದೆ. ಅಕ್ಕ ಕಳಿಸಿದ ಅಳುವ ಗೊಂಬೆಗಳನ್ನು ತೆಗೆದಿದ್ದೇನೆ. ನಲವತ್ತಕ್ಕೂ ಜಾಸ್ತಿ ಇದ್ದವು.

ಪುಟ್ಟ ಅಂದರೆ ಬೆಂಗಳೂರಿನ ಅಣ್ಣನ ಮಗ. ಇಲ್ಲೇ ಚಿಕ್ಕಮಗಳೂರಿನಲ್ಲಿ ದೊಡ್ಡಪ್ಪನ ಮನೆಯಲ್ಲಿದ್ದು ಇಂಜಿನಿಯರಿಂಗ್ ಓದುತ್ತಿದ್ದಾನೆ. ದೊಡ್ಡಪ್ಪ ಸೈಕಲ್ ಮೇಲೆ ಊರೆಲ್ಲ ತಂತಿ ಹಂಚುತ್ತಿದ್ದವರು. ಟೆಲಿಗ್ರಾಂ ನಿಂತದ್ದು 2013ರ ಜುಲೈಯಲ್ಲಿ, ಅವರು ನಿವೃತ್ತರಾದದ್ದು ಅದಕ್ಕೂ ಮೊದಲು. ಇವತ್ತಿಗೂ ಒಂದೊಂದು ಪದಕ್ಕೆ ಕಾಸು ಕೊಡಬೇಕು ಅನ್ನುವ ಹಾಗೆ ಮೆಸೇಜ್ ಬರೆಯುತ್ತಾರೆ.

ಪುಟ್ಟ: (ಫೋಟೋ) ಬಸವನಹಳ್ಳಿ ಕೆರೆ ಹತ್ತಿರ, ಈಗಷ್ಟೇ ಮುಗಿಯಿತು. ಸೈಕಲ್ ರೇಸಿನಲ್ಲಿ ಅತ್ತೆಗೆ 17ನೇ ಸ್ಥಾನ!! ಒಟ್ಟು 17 ಜನ.

ಅಕ್ಕ: ಇದೇನೇ ಇದು? ಈ ಜಡಿಮಳೆಯಲ್ಲಿ ಸೈಕಲ್ಲಾ? ಚೂಡಿದಾರಕ್ಕೆಲ್ಲ ಗ್ರೀಸ್ ಮೆತ್ತಿದೆಯಲ್ಲೇ!

ಕಡೂರು ಅತ್ತೆ: ಚಕ್ರದೊಳಗೆ ಇಸ್ಪೀಟು ಎಲೆ ಕಾಣುತ್ತಿದೆ. ಜೂಜಾ?

ನಾನು: ಜೂಜಲ್ಲ ಅತ್ತೆ. ಅದು ನಂಬರ್ ಇದ್ದ ಹಾಗೆ. ಹಳೇ ಎಲೆಗಳಿಗೆ ಲ್ಯಾಮಿನೇಷನ್ ಮಾಡಿಸಿ ಕಡ್ಡಿಗಳ ನಡುವೆ ಸಿಕ್ಕಿಸುತ್ತಾರೆ. ನನಗೆ ಕಳಾವರ್ ಮೂರು ಬಂತು.

ಬೆಂಗಳೂರು ಅಣ್ಣ: ಯಾರು ನಡೆಸಿದ್ದು? ರಸ್ತೆ ಮುಚ್ಚಿದ್ದರಾ? ಆಂಬುಲೆನ್ಸ್ ಇತ್ತಾ?

ಪುಟ್ಟ: ನಮ್ಮ ಹುಡುಗರೇ ಅಪ್ಪಾ. 50 ರೂಪಾಯಿ ಫೀಸು. ಅದರಲ್ಲೇ ಜೆರಾಕ್ಸ್, ಸೀಲು, ಕೊನೆಗೆ ಎಲ್ಲರಿಗೂ ಟೀ, ಬನ್.

ಬೆಂಗಳೂರು ಅಣ್ಣ: ಅಂದರೆ ಹೇಳುವವರು ಕೇಳುವವರು ಯಾರೂ ಇಲ್ಲ.

ನಾನು: ಅಣ್ಣ, ಇದು ಇರುವುದೇ ಹಾಗೆ. ಆಲಿಕ್ಯಾಟ್ ಅನ್ನುತ್ತಾರೆ. ಹೊರದೇಶದ ಊರುಗಳಲ್ಲಿ ಸೈಕಲ್ ಮೇಲೆ ಕಾಗದಪತ್ರ, ಪಾರ್ಸೆಲ್ ಮುಟ್ಟಿಸುವ ಹುಡುಗರು ತಮ್ಮತಮ್ಮಲ್ಲೇ ಕಟ್ಟಿಕೊಂಡ ಪಂದ್ಯ. ಆ ಹೆಸರು ಬಂದದ್ದು ಟೊರಾಂಟೋದಲ್ಲಿ 1989ರಲ್ಲಿ ನಡೆದ ಪಂದ್ಯದಿಂದ. ರಸ್ತೆ ಮುಚ್ಚುವುದಿಲ್ಲ, ದಾರಿ ತೋರಿಸುವುದಿಲ್ಲ. ಹೊರಡುವ ಹೊತ್ತಿಗೆ ಕೈಗೊಂದು ಚೀಟಿ ಬರುತ್ತದೆ, ಅದರಲ್ಲಿ ಮುಟ್ಟಬೇಕಾದ ಜಾಗಗಳು. ಯಾವುದು ಮೊದಲು, ಯಾವುದು ಆಮೇಲೆ, ಯಾವ ಓಣಿಯಲ್ಲಿ ನುಗ್ಗಬೇಕು, ಎಲ್ಲ ನಮ್ಮಿಷ್ಟ. ಕಾಲಲ್ಲಿ ಶಕ್ತಿ ಇದ್ದರೆ ಸಾಲದು, ಊರು ಗೊತ್ತಿರಬೇಕು.

ವಕೀಲ ಭಾವ: ಕಾನೂನು ಹೇಳಲಾ? ಮೋಟಾರು ವಾಹನ ಕಾಯ್ದೆ, ಸೆಕ್ಷನ್ 189. ಸರ್ಕಾರದ ಒಪ್ಪಿಗೆ ಇಲ್ಲದೆ ರಸ್ತೆಯಲ್ಲಿ ರೇಸ್ ಮಾಡಿದರೆ ಶಿಕ್ಷೆ.

ಪುಟ್ಟ: ಮಾವ, ಸೈಕಲ್ಲಿಗೆ ಮೋಟಾರು ಎಲ್ಲಿದೆ?

ವಕೀಲ ಭಾವ: ಅದಕ್ಕೇ ಅದು ನಿಮಗೆ ಅಂಟುವುದಿಲ್ಲ. ಭಾರತೀಯ ನ್ಯಾಯ ಸಂಹಿತೆಯ 281 ಅಂಟುತ್ತದೆ. ಪ್ರಾಣಕ್ಕೆ ಅಪಾಯ ಆಗುವ ಹಾಗೆ ವಾಹನ ಓಡಿಸಿದರೂ ತಪ್ಪು, ಸವಾರಿ ಮಾಡಿದರೂ ತಪ್ಪು. ಆರು ತಿಂಗಳವರೆಗೆ ಜೈಲು, ಇಲ್ಲವೇ 1,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ.

ನಾನು: ಭಾವ, ಮಾರ್ಕೆಟ್ ರಸ್ತೆಯಲ್ಲಿ ಸೊಪ್ಪಿನ ಚೀಲ ಹೊತ್ತ ಒಬ್ಬರು ಅಜ್ಜಿ ನನ್ನನ್ನು ದಾಟಿಕೊಂಡು ಹೋದರು. ಅದಕ್ಕೆ ಯಾವ ಸೆಕ್ಷನ್?

ಬೆಂಗಳೂರು ಅಣ್ಣ: ನಗಬೇಡಿ. 2008ರಲ್ಲಿ ಶಿಕಾಗೋದಲ್ಲಿ ಇಂಥದೇ ಪಂದ್ಯದಲ್ಲಿ ಒಬ್ಬರು ಕೆಂಪು ಸಿಗ್ನಲ್ ದಾಟಲು ಹೋಗಿ ಕಾರಿಗೆ ಸಿಕ್ಕಿ ತೀರಿಕೊಂಡರು. ನಾನೂ ತಿಂಗಳಿಗೆ ಎರಡು ಸಲ ನಂದಿ ಬೆಟ್ಟಕ್ಕೆ ಸೈಕಲ್ಲಿನಲ್ಲಿ ಹೋಗುತ್ತೇನೆ. ಕತ್ತಲಿರುವಾಗಲೇ ಹೊರಟು ಟ್ರಾಫಿಕ್ ಶುರುವಾಗುವ ಮೊದಲು ವಾಪಸ್ಸು. ಬಸ್ಸು, ಆಟೋ, ದನಗಳ ನಡುವೆ ನುಗ್ಗುವುದು ಸೈಕ್ಲಿಂಗ್ ಅಲ್ಲ. ಹುಚ್ಚು.

(ಅಣ್ಣ ಹೇಳಿದ್ದರಲ್ಲಿ ಸುಳ್ಳಿಲ್ಲ. ಸೀಟಿ ಊದಿದಾಗ ಆ ಹುಡುಗರ ಮುಖ ನೋಡಿದರೆ ನನಗೇ ಭಯವಾಗಿತ್ತು. ಆದರೆ ಅವನ ಸೈಕಲ್ಲಿನ ಬೆಲೆ ನನಗೆ ಗೊತ್ತು. ಅದಕ್ಕೆ ಬಿಡಲಿಲ್ಲ.)

ನಾನು: ಹೆಲ್ಮೆಟ್ ಇಲ್ಲದವರನ್ನು ಸೇರಿಸಲಿಲ್ಲ. ಹನುಮಂತಪ್ಪ ಸರ್ಕಲ್ಲಿನಲ್ಲಿ ಪೊಲೀಸಿನವರು ಕೈ ಅಡ್ಡ ಹಿಡಿದಾಗ ನಾನು ನಿಂತೆ. ಇಬ್ಬರು ಹುಡುಗರು ವಾಹನಗಳಿಗೆ ಎದುರಾಗಿ ನುಗ್ಗಿದ್ದನ್ನೂ ನೋಡಿದೆ. ಅದು ತಪ್ಪೇ, ಅವರನ್ನು ಯಾರೂ ಕೇಳಲಿಲ್ಲ, ಅದೂ ತಪ್ಪು. ಆದರೆ ಪೇಪರ್ ಹಾಕುವ ಹುಡುಗ, ಹಾಲಿನವನು ದಿನಾ ಇದೇ ಬಸ್ಸು, ಆಟೋ, ದನಗಳ ನಡುವೆ ಹೋಗುತ್ತಾರಲ್ಲ. ಅವರದು ಸೈಕ್ಲಿಂಗ್ ಅಲ್ವಾ ಅಣ್ಣ?

ಅಣ್ಣ ಏನೋ ಬರೆದು ಅಳಿಸಿದ. ಅಷ್ಟರಲ್ಲಿ ಇದು ಬಂತು.

ದೊಡ್ಡಪ್ಪ: ಫೋಟೋ ನೋಡಿದೆ. ಸೈಕಲ್ ಯಾರದು. ತಿಳಿಸಿ.

ಹನ್ನೊಂದು ನಿಮಿಷ ಗುಂಪಿನಲ್ಲಿ ಯಾರೂ ಇಲ್ಲ. ಭಾವ ಸಹ ಇಲ್ಲ.

ಪುಟ್ಟ: ತಾತ, ಅದು ಅಟ್ಟದ ಮೇಲೆ ಸುಮ್ನೆ ಇತ್ತು...

ದೊಡ್ಡಪ್ಪ: ಸುಮ್ನೆ ಇರಲಿಲ್ಲ. ಇಟ್ಟಿದ್ದೆ.

ನಾನು: ದೊಡ್ಡಪ್ಪ, ತಪ್ಪಾಯಿತು. ಪುಟ್ಟ ಅದನ್ನು ಇಳಿಸಿದ್ದು ಅವನ ಗೆಳೆಯನಿಗೆ ಅಂತ. ನೀವು ಶನಿವಾರ ಕಡೂರಿಗೆ ಹೋಗಿದ್ದಿರಿ. ಹೊಸ ಟ್ಯೂಬ್ ಹಾಕಿಸಿದೆವು. ಬೆಳಗ್ಗೆ ಎದ್ದರೆ ಆ ಗೆಳೆಯನಿಗೆ ಜ್ವರ. ಸೈಕಲ್ ರೆಡಿ ಇದೆ, 50 ರೂಪಾಯಿ ಕಟ್ಟಾಗಿದೆ, ಸವಾರ ಇಲ್ಲ. ನಾನು ಸುಮ್ನೆ ನೋಡಲು ಹೋದವಳು. ಒಂಬತ್ತನೇ ಕ್ಲಾಸಿನ ಮೇಲೆ ಸೈಕಲ್ ಮುಟ್ಟಿರಲಿಲ್ಲ.

ಅಕ್ಕ: 44 ವರ್ಷ ಕಣೇ ನಿನಗೆ!

ನಾನು: ಅದು ಅಲ್ಲೂ ಹೇಳಿದರು ಅಕ್ಕ. ಪೂರ್ತಿ ಕೇಳಿ. ಸೈಕಲ್ಲುಗಳನ್ನು ಮೈದಾನದ ಆ ತುದಿಯಲ್ಲಿ ಹುಲ್ಲಿನ ಮೇಲೆ ಮಲಗಿಸುತ್ತಾರೆ. ಸೀಟಿ ಊದಿದ ಮೇಲೆ ಓಡಿ ಹೋಗಿ ಎತ್ತಿಕೊಂಡು ಹೊರಡಬೇಕು. ಹುಡುಗರದೆಲ್ಲ ಒಂದೇ ಕೈಯಲ್ಲಿ ಎತ್ತುವಂಥವು. ದೊಡ್ಡಪ್ಪನದು 20 ಕೆ.ಜಿ. ಹತ್ತಿರ ಬರುತ್ತದೆ. ನಾನು ಅದನ್ನು ಎತ್ತಿ ನಿಲ್ಲಿಸುವಷ್ಟರಲ್ಲಿ ಮೈದಾನ ಖಾಲಿ. ಚೀಟಿಯಲ್ಲಿ ನಾಲ್ಕು ಜಾಗ. ರತ್ನಗಿರಿ ಬೋರೆ ಮೇಲೆ ಒಂದು ಸೀಲು. ರೈಲ್ವೆ ಸ್ಟೇಷನ್ನಿನ ಬೋರ್ಡಿನಲ್ಲಿ ಊರು ಸಮುದ್ರಕ್ಕಿಂತ ಎಷ್ಟು ಎತ್ತರ ಅಂತ ಬರೆದಿದೆಯೋ ಅದು. ಎಂ.ಜಿ. ರಸ್ತೆಯ ಪುಡಿ ಅಂಗಡಿಯಿಂದ ಚಿಕೋರಿ ಬೆರೆಸದ 50 ಗ್ರಾಂ ಕಾಫಿ ಪುಡಿ, ಬಿಲ್ ಸಮೇತ. ನಾಲ್ಕನೆಯದು ಒಗಟು: ‘ದೊಡ್ಡ ಮಗಳ ಊರಿನ ರಾಮನಿಗೆ ಸೀತೆ ಯಾವ ಕಡೆ?’

ನಾನು: ಬೋರೆ ಹತ್ತುವಾಗ ಚೈನ್ ಎರಡು ಸಲ ಕಳಚಿತು. ಹಾಕುವುದು ಬೆರಳಿಗೆ ಇನ್ನೂ ನೆನಪಿತ್ತು, ಅದೇ ಆಶ್ಚರ್ಯ. ಇಳಿಯುವುದು ಹತ್ತುವುದಕ್ಕಿಂತ ಕಷ್ಟ. ರಾಡ್ ಬ್ರೇಕು, ಸ್ಟೀಲ್ ರಿಮ್ಮು, ಮೇಲೆ ಮಳೆ. ಬ್ರೇಕನ್ನು ಹ್ಯಾಂಡಲ್ಲಿಗೆ ಅಂಟುವಷ್ಟು ಒತ್ತಿದರೂ ಕೀಂ ಅನ್ನುತ್ತದೆ, ನಿಲ್ಲುವುದಿಲ್ಲ. ಎರಡು ತಿರುವು ಚಪ್ಪಲಿ ನೆಲಕ್ಕೆ ಉಜ್ಜಿಕೊಂಡು ಬಂದೆ. ಮೂರನೆಯದರಲ್ಲಿ ಇಳಿದು, ಎಮ್ಮೆ ಹಿಡಿದು ತರುವ ಹಾಗೆ ಹಿಡಿದುಕೊಂಡು ನಡೆದೇ ಬಂದೆ. ಹದಿನೇಳನೆಯವಳು ಆಗಿದ್ದು ಅಲ್ಲೇ. ಪುಡಿ ಅಂಗಡಿಯವರು 50 ಗ್ರಾಂಗೆಲ್ಲ ಮೆಷಿನ್ ಹಾಕುವುದಿಲ್ಲ ಅಂದರು. ಕಾಲು ಕೆ.ಜಿ. ತಗೊಂಡೆ.

ಬೆಂಗಳೂರು ಅಣ್ಣ: ಒಗಟು ಅಂದೆಯಲ್ಲ, ಅದು ಎಡಗಡೆ. ಎಲ್ಲ ರಾಮನಿಗೂ ಸೀತೆ ಎಡಗಡೆಯೇ. ಇಷ್ಟಕ್ಕೆ ಅಲ್ಲಿವರೆಗೆ ಹೋಗಬೇಕಾ?

ಕಡೂರು ಅತ್ತೆ: ಊರು ಬಿಟ್ಟವನ ಮಾತು. ಹಿರೇಮಗಳೂರು ಕೋದಂಡರಾಮನಿಗೆ ಸೀತಮ್ಮ ಬಲಗಡೆ. ಪರಶುರಾಮ ಮದುವೆಯ ದಿನ ಹೇಗಿದ್ದಿರೋ ಹಾಗೆ ನೋಡಬೇಕು ಅಂದನಂತೆ, ಅದಕ್ಕೆ. ಮಂಟಪದಲ್ಲಿ ಹೆಣ್ಣು ಬಲಕ್ಕಲ್ವಾ ಇರುವುದು? ಕನ್ನಡದಲ್ಲೇ ಪೂಜೆ ಮಾಡುವ ಗುಡಿ ಅದು. ನಿನ್ನ ಮದುವೆ ಆದ ವಾರ ಕರೆದುಕೊಂಡು ಹೋಗಿದ್ದೆ.

ಅಕ್ಕ: ದೊಡ್ಡ ಮಗಳಿಗೆ ಹಿರೇಮಗಳೂರು, ಚಿಕ್ಕ ಮಗಳಿಗೆ ಚಿಕ್ಕಮಗಳೂರು. ಸಕ್ಕರೆಪಟ್ಟಣದ ರಾಜ ಬಳುವಳಿ ಕೊಟ್ಟ ಕಥೆ. ಅಣ್ಣನಿಗೆ ಅದೂ ಮರೆತಿರಬೇಕು.

ಕಡೂರು ಅತ್ತೆ: ಇರು, ಫೋಟೋ ದೊಡ್ಡದು ಮಾಡಿ ನೋಡಿದೆ. ಹುಡುಗರೆಲ್ಲರ ಕಿವಿಯಲ್ಲೂ ತುಳಸಿ ಇದೆ. ಪುಟ್ಟನ ಕಿವಿಯಲ್ಲಿ ಇಲ್ಲ. ಗುಡಿಗೆ ಹೋಗಿದ್ದೆ ತಾನೇ ಪುಟ್ಟಾ?

ಪುಟ್ಟ: ಹೆಲ್ಮೆಟ್ ಹಾಕುವಾಗ ಬಿದ್ದುಹೋಯಿತು ಅಜ್ಜಿ

ಕಡೂರು ಅತ್ತೆ: ಅವರೆಲ್ಲ ಹೆಲ್ಮೆಟ್ ಹಾಕಿರಲಿಲ್ಲವಾ?

ಪುಟ್ಟ: ...

ಬೆಂಗಳೂರು ಅಣ್ಣ: ಪುಟ್ಟಾ. ನಿನಗೆ ಎಷ್ಟನೇ ಸ್ಥಾನ ಬಂತು?

ಪುಟ್ಟ: ಮೂರು. ಅಪ್ಪಾ, ಉತ್ತರ ನನಗೆ ಗೊತ್ತಿತ್ತು. ಹೋದ ವರ್ಷ ತಾತನ ಜೊತೆ ಹೋಗಿದ್ದೆ. ಗೊತ್ತಿರುವುದಕ್ಕೆ ಮತ್ತೆ ಯಾಕೆ ಹೋಗಬೇಕು?

ನಾನು: ನಾನು ಅಲ್ಲಿಗೆ ಹೋಗಿ, ಚಪ್ಪಲಿ ಬಿಟ್ಟು, ಕಾಲು ತೊಳೆದು, ತೀರ್ಥ ತಗೊಂಡು ಬಂದೆ. ನನಗೆ ಗೊತ್ತಿರಲಿಲ್ಲವಾ?

ವಕೀಲ ಭಾವ: ಹುಡುಗನ ಪರ ಒಂದು ಮಾತು. ಚೀಟಿಯಲ್ಲಿ ಪ್ರಶ್ನೆ ಇದೆ. ‘ಹೋಗಿ ನೋಡಿ’ ಅಂತ ಇದೆಯಾ? ಇಲ್ಲ. ಬರೆದವರ ತಪ್ಪು. ಸಂಶಯದ ಲಾಭ ಆರೋಪಿಗೆ.

ಬೆಂಗಳೂರು ಅಣ್ಣ: ಭಾವ, ನೀವು ಅವನನ್ನು ಹಾಳು ಮಾಡಬೇಡಿ. ಪುಟ್ಟಾ, ಬಹುಮಾನ ವಾಪಸ್ ಕೊಡು.

ಪುಟ್ಟ: ಬಹುಮಾನ ಒಂದು ಚಿಪ್ಪು ಬಾಳೆಹಣ್ಣು ಅಪ್ಪಾ. ತಿಂದಾಯಿತು.

(ಈ ವಿಷಯದಲ್ಲಿ ನಾನು ಅಣ್ಣನ ಕಡೆ. ಆದರೆ ಪ್ರಶ್ನೆ ಹಾಕಿದ ಹುಡುಗರೂ ಪೆದ್ದರೇ. ಈ ಊರಿನಲ್ಲಿ ಸೀತೆ ಯಾವ ಕಡೆ ಅಂತ ಕೇಳುವುದೂ ಒಂದೇ, ಕಾಫಿಗೆ ಹಾಲು ಹಾಕುತ್ತಾರಾ ಅಂತ ಕೇಳುವುದೂ ಒಂದೇ. ಸ್ಟೇಷನ್ ಬೋರ್ಡಿನ ಪ್ರಶ್ನೆಯೇ ಸರಿ. ಅದನ್ನು ಬಾಯಿಪಾಠ ಮಾಡಿದವರು ಯಾರೂ ಇಲ್ಲ.)

ದೊಡ್ಡಪ್ಪ: ಮೈದಾನದಿಂದ ಹಿರೇಮಗಳೂರು. ಯಾವ ದಾರಿ. ಎಷ್ಟು ನಿಮಿಷ.

ನಾನು: ದೊಡ್ಡ ರಸ್ತೆಯಲ್ಲೇ ಹೋದೆ ದೊಡ್ಡಪ್ಪ. ಲಾರಿಗಳಿಗೆ ಹೆದರಿ ಅಲ್ಲಲ್ಲಿ ನಿಂತೆ. 25 ನಿಮಿಷ.

ದೊಡ್ಡಪ್ಪ: ತಪ್ಪು. ಗಿರಣಿ ಓಣಿ. 10 ನಿಮಿಷ.

ಬೆಂಗಳೂರು ಅಣ್ಣ: ಅಪ್ಪಾ, ಹಿಟ್ಟಿನ ಗಿರಣಿ ಮುಚ್ಚಿ ಎಷ್ಟು ವರ್ಷ ಆಯಿತು. ಆ ಓಣಿಗೆ ಗೇಟು ಹಾಕಿದ್ದಾರೆ.

ಅಕ್ಕ: ಗೇಟು ರಾತ್ರಿ ಮಾತ್ರ ಹಾಕುತ್ತಾರೆ ಅಂತ ಕೇಳಿದ್ದೆ.

ವಕೀಲ ಭಾವ: ಖಾಸಗಿ ಜಾಗವೋ ಸಾರ್ವಜನಿಕ ದಾರಿಯೋ ಅನ್ನುವುದು ಮೊದಲು ನೋಡಬೇಕು.

ಪುಟ್ಟ: ಮ್ಯಾಪಿನಲ್ಲಿ ಆ ಓಣಿ ಇಲ್ಲವೇ ಇಲ್ಲ ತಾತ. ನೋಡಿ, ಸ್ಕ್ರೀನ್‌ಶಾಟ್.

ಬೆಂಗಳೂರು ಅಣ್ಣ: ಗೇಟು ತೆಗೆದಿದ್ದರೂ 10 ನಿಮಿಷದಲ್ಲಿ ಆಗುವುದಿಲ್ಲ. ಆ ಸೈಕಲ್ಲಿನಲ್ಲಿ 15 ಬೇಕು.

ಅಕ್ಕ: ನೀನು ಐ.ಜಿ. ರಸ್ತೆಯಿಂದ ಲೆಕ್ಕ ಹಾಕುತ್ತಿದ್ದೀಯ. ಅಡ್ಡ ರಸ್ತೆಯಲ್ಲಿ ಇಳಿದರೆ 12.

ಇಲ್ಲಿಂದ ಮುಂದೆ ಅರವತ್ತು ಮೆಸೇಜ್ ಬರೀ ದಾರಿಯ ಬಗ್ಗೆ. ನಾನು ಹೋದದ್ದು ಸರಿಯೋ ತಪ್ಪೋ ಎನ್ನುವುದು ಯಾರಿಗೂ ನೆನಪಿರಲಿಲ್ಲ. ಅಣ್ಣ ಬೆಂಗಳೂರಿನಲ್ಲಿ ಕೂತು ಮ್ಯಾಪಿನ ಮೇಲೆ ಕೆಂಪು ಗೆರೆ ಎಳೆದು ಕಳಿಸಿದ. ಭಾವ ಹಾಸನದವರು, ಅವರಿಗೆ ಆ ಓಣಿಯೇ ಗೊತ್ತಿಲ್ಲ, ಆದರೂ ಬಿಡಲಿಲ್ಲ. ರಾತ್ರಿ ಎಂಟೂವರೆಗೆ ದೊಡ್ಡಪ್ಪ ಅವರ ಮಟ್ಟಿಗೆ ಮಹಾಕಾವ್ಯ ಅನ್ನಬಹುದಾದಷ್ಟು ಉದ್ದದ ಮೆಸೇಜ್ ಹಾಕಿದರು.

ದೊಡ್ಡಪ್ಪ: ಸಾವಿನ ತಂತಿ ಇದ್ದರೆ ಗಿರಣಿ ಓಣಿ. ಮದುವೆ ಶುಭಾಶಯ ಇದ್ದರೆ ದೊಡ್ಡ ರಸ್ತೆ, ಟೀ ಕುಡಿದು. ಮೂವತ್ತು ವರ್ಷ. ನೀವು 50 ರೂಪಾಯಿ ಕೊಟ್ಟು ಮಾಡಿದ್ದನ್ನು ನಾನು ಸಂಬಳ ತಗೊಂಡು ಮಾಡಿದೆ. ಬೀಳಲಿಲ್ಲ.

ಕಡೂರು ಅತ್ತೆ: ಒಂದು ಸಲ ಬಿದ್ದಿದ್ದೆಯಲ್ಲ ಅಣ್ಣಯ್ಯ, ಕೋಟೆ ಹತ್ತಿರ. ಹಲ್ಲು ಹೋಗಿತ್ತು.

ದೊಡ್ಡಪ್ಪ: ಅದು ರಜಾ ದಿನ.

ಅಕ್ಕ: ಅಂದ ಹಾಗೆ ಕೊನೆಯವಳಿಗೆ ಏನಾದರೂ ಕೊಟ್ಟರಾ?

ನಾನು: ಕೊಟ್ಟರು. ಈ ಪಂದ್ಯಗಳಲ್ಲಿ ಕೊನೆಯವರಿಗೂ ಬಹುಮಾನ ಇರುವುದುಂಟು. ಪಂಕ್ಚರ್ ಹಾಕುವ ಸಾಮಾನಿನ ಡಬ್ಬಿ. ಸಲ್ಯೂಷನ್, ನಾಲ್ಕು ತೇಪೆ, ಉಜ್ಜುವ ಕಾಗದ. ಎಲ್ಲರೂ ಚಪ್ಪಾಳೆ ತಟ್ಟಿದರು, ಗೆದ್ದವನಿಗಿಂತ ಜಾಸ್ತಿ. ಕಾಲು ನಡುಗುತ್ತಿತ್ತು, ಕೂತು ಎರಡು ಬನ್ ತಿಂದೆ.

ಬೆಂಗಳೂರು ಅಣ್ಣ: ಮುಂದಿನ ಸಲ ಹೋಗುವುದಾದರೆ ನನ್ನ ಹಳೇ ಗೇರ್ ಸೈಕಲ್ ಕಳಿಸುತ್ತೇನೆ. ಡಿಸ್ಕ್ ಬ್ರೇಕ್ ಇದೆ. ಹೋಗು ಅಂತ ಹೇಳುತ್ತಿಲ್ಲ.

ದೊಡ್ಡಪ್ಪ: ಬೆಲ್ಲಿನ ಮುಚ್ಚಳ ಫೋಟೋದಲ್ಲಿ ಕಾಣುತ್ತಿಲ್ಲ. ಎಲ್ಲಿ. ತಿಳಿಸಿ.

ನಾನು: ಹುಲ್ಲಿನ ಮೇಲೆ ಮಲಗಿಸಿದಾಗ ಕಳಚಿ ಬಿದ್ದಿರಬೇಕು ದೊಡ್ಡಪ್ಪ. ಹೊರಡುವ ಗಡಿಬಿಡಿಯಲ್ಲಿ ಹುಡುಕಲಿಲ್ಲ. ನಾಳೆ ಹೊಸ ಬೆಲ್ಲೇ ತರುತ್ತೇನೆ.

ಅದಕ್ಕೆ ಉತ್ತರ ಬರಲಿಲ್ಲ. ಹತ್ತು ಗಂಟೆಗೆ ಅತ್ತೆ ಶುಭರಾತ್ರಿ ಹೂವು ಹಾಕಿದರು, ಗುಂಪು ಮಲಗಿತು.

ಸೋಮವಾರ ಬೆಳಗ್ಗೆ 7:05ಕ್ಕೆ ಒಂದು ಫೋಟೋ. ಅಂಗೈ ಮೇಲೆ ಕೆಸರು ಮೆತ್ತಿದ ಬೆಲ್ಲಿನ ಮುಚ್ಚಳ, ಹಿಂದೆ ಗುಡಿಯ ಗೋಡೆ.

ದೊಡ್ಡಪ್ಪ: ಮುಚ್ಚಳ ಸಿಕ್ಕಿತು. ಗೇಟು ತೆರೆದಿದೆ. 12 ನಿಮಿಷ. ಎದುರು ಗಾಳಿ.

ದೊಡ್ಡಮ್ಮ: ಹಾಲಿಗೆ ಹೋದವರು. ಹಾಲು ಎಲ್ಲಿ. ತಿಳಿಸಿ.