ಬಾಕಿ ಕೇಳಲು ಅಂಜಿಕೆ, ಸಾಲಕ್ಕೆ ಅರ್ಜಿ ಹಾಕಲು ಭಯ: ಕಾಫಿ ಪುಡಿ ಉದ್ಯಮದಲ್ಲಿ ಮುಂದೆ ಹೆಜ್ಜೆ ಇಡುವುದು ಹೇಗೆ?

ಪ್ರಶ್ನೆ – ಆಲ್ದೂರಿನ ಯುವತಿ, ಚಿಕ್ಕಮಗಳೂರು

ಎಲ್ಲರಿಗೂ ನಮಸ್ಕಾರ. ನನಗೀಗ 27 ವರ್ಷ. ಬೆಂಗಳೂರಿನ ಉದ್ಯೋಗ ಬಿಟ್ಟು ಬಂದು, ಚಿಕ್ಕಮಗಳೂರಿನಲ್ಲಿ ಬಾಡಿಗೆಯ ಶೆಡ್ ಒಂದರಲ್ಲಿ ಐದು ಕಿಲೋ ಸಾಮರ್ಥ್ಯದ ರೋಸ್ಟರ್ (ಬೀಜ ಹುರಿಯುವ ಯಂತ್ರ) ಇಟ್ಟುಕೊಂಡು ಕಾಫಿ ಪುಡಿ ತಯಾರಿಸುತ್ತಿದ್ದೇನೆ. ಬೀಜದಲ್ಲಿ ಸ್ವಲ್ಪ ಭಾಗ ಆಲ್ದೂರಿನ ಬಳಿಯಿರುವ ನಮ್ಮ ತೋಟದಿಂದ ಬರುತ್ತದೆ. ಉಳಿದದ್ದನ್ನು ಕ್ಯೂರಿಂಗ್ (ಸಿಪ್ಪೆ ತೆಗೆದು ವಿಂಗಡಿಸುವ ಕೆಲಸ) ಆದ ಮೇಲೆ ಹೊರಗಿನಿಂದ ಕೊಳ್ಳುತ್ತೇನೆ. ಪುಡಿಯನ್ನು ಊರಿನ ಕೆಲವು ಹೋಟೆಲ್‌ಗಳಿಗೂ ಮುಳ್ಳಯ್ಯನಗಿರಿ ಕಡೆಯ ಹೋಂಸ್ಟೇಗಳಿಗೂ ಒದಗಿಸುತ್ತೇನೆ.

ಕೆಲಸದ ಬಗ್ಗೆ ನನಗೆ ಅಳುಕಿಲ್ಲ. ಡ್ರಮ್ಮಿನೊಳಗೆ ಬೀಜ ಚಟಪಟ ಸಿಡಿಯಲು ಆರಂಭಿಸಿದ ಮೇಲೆ ಎಷ್ಟು ಹೊತ್ತು ಬಿಟ್ಟರೆ ಫಿಲ್ಟರ್ ಕಾಫಿಗೆ ಹದವಾಗುತ್ತದೆ, ಯಾವ ಗಳಿಗೆಯಲ್ಲಿ ಹೊರಗೆ ಸುರಿಯದಿದ್ದರೆ ಕಹಿ ತಿರುಗುತ್ತದೆ ಎಂಬುದು ಸದ್ದು ಮತ್ತು ವಾಸನೆಯಿಂದಲೇ ತಿಳಿಯುತ್ತದೆ. ಭಯವೆಲ್ಲ ಶೆಡ್ಡಿನ ಬಾಗಿಲು ದಾಟಿದ ಮೇಲೆ ಶುರುವಾಗುತ್ತದೆ. ಬಾಕಿ ಕೇಳಲೆಂದೇ ಬಿಲ್ ಪುಸ್ತಕ ಹಿಡಿದು ಹೋಟೆಲಿಗೆ ಹೋಗುತ್ತೇನೆ. ಗಲ್ಲಾದಲ್ಲಿ ಕುಳಿತ ಮಾಲೀಕರು ‘ಬಾರಮ್ಮ, ಮೊದಲು ಕಾಫಿ ಕುಡಿ’ ಎಂದು ಅಕ್ಕರೆಯಿಂದ ಕರೆಯುತ್ತಾರೆ. ನಾನೇ ಹುರಿದ ಪುಡಿಯ ಕಾಫಿ ಕುಡಿದು, ದುಡ್ಡಿನ ಮಾತೆತ್ತಲಾಗದೆ ಎದ್ದು ಬರುತ್ತೇನೆ. ಹೀಗೆ ಹಲವರಲ್ಲಿ ಹಣ ನಿಂತುಹೋಗಿದೆ.

ಇನ್ನೊಂದು ಭಯ ಸಾಲದ್ದು. ಬೇಡಿಕೆ ಇರುವುದರಿಂದ ದೊಡ್ಡ ರೋಸ್ಟರ್ ಹಾಕಬೇಕೆಂದಿದ್ದೇನೆ, ಅದಕ್ಕೆ ಸುಮಾರು ಐದು ಲಕ್ಷ ಬೇಕು. ಅಪ್ಪ ‘ತೋಟವೊಂದು ಉಳಿದಿದೆ, ಅದನ್ನೂ ಕಳೆಯಬೇಡ’ ಎನ್ನುತ್ತಾರೆ. ಅರ್ಜಿ ಹಾಕಲು ಹೊರಟಾಗಲೆಲ್ಲ, ಸೋತರೆ ನಾಲ್ಕು ಜನ ಏನೆಂದಾರು ಎಂಬ ಯೋಚನೆ ಬಂದು ಹಿಂದೆ ಸರಿಯುತ್ತೇನೆ. ಧೈರ್ಯ ತಂದುಕೋ ಎಂದು ಎಲ್ಲರೂ ಹೇಳುತ್ತಾರೆ. ಅದನ್ನು ಎಲ್ಲಿಂದ, ಹೇಗೆ ತಂದುಕೊಳ್ಳುವುದೆಂಬುದನ್ನು ಅನುಭವವಿದ್ದವರು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ – ಮಸಾಲೆ ಪದಾರ್ಥಗಳ ಪ್ಯಾಕಿಂಗ್ ಘಟಕ, ಸಕಲೇಶಪುರ

ತಂಗಿ, ನಿಮ್ಮ ಪ್ರಶ್ನೆಯಲ್ಲಿ ಬೇರೆ ಬೇರೆ ಭಯಗಳು ಒಂದೇ ಗಂಟಾಗಿ ಸೇರಿಕೊಂಡಿವೆ. ಅವನ್ನು ಬಿಡಿಸಿ ನೋಡಿದರೆ ಮದ್ದು ಬೇರೆಬೇರೆಯೆಂದು ಕಾಣುತ್ತದೆ. ಬಾಕಿಯ ವಿಷಯವಷ್ಟನ್ನೇ ನಾನು ಹೇಳುತ್ತೇನೆ, ಏಕೆಂದರೆ ಸಣ್ಣ ಉದ್ಯಮಗಳು ನಷ್ಟಕ್ಕಿಂತ ಹೆಚ್ಚಾಗಿ ಕೈಯಲ್ಲಿ ನಗದಿಲ್ಲದೆ ಮುಚ್ಚುವುದನ್ನು ನಾನು ಈ ಭಾಗದಲ್ಲಿ ಕಂಡಿದ್ದೇನೆ.

ಬಾಕಿ ಕೇಳುವುದು ಬೇಡುವುದಲ್ಲ ಎಂಬುದು ಮನಸ್ಸಿಗೆ ನಾಟಬೇಕಾದರೆ ಕಾನೂನು ಏನು ಹೇಳುತ್ತದೆಂದು ತಿಳಿದಿರಬೇಕು. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯ್ದೆಯ ಪ್ರಕಾರ, ನಿಮ್ಮಂಥ ಸೂಕ್ಷ್ಮ ಉದ್ಯಮದಿಂದ ಸರಕು ಪಡೆದವರು ಲಿಖಿತ ಒಪ್ಪಂದದಲ್ಲಿ ಗೊತ್ತುಪಡಿಸಿದ ದಿನದೊಳಗೆ ಹಣ ಕೊಡಬೇಕು, ಆ ಅವಧಿ ಯಾವ ಕಾರಣಕ್ಕೂ 45 ದಿನ ಮೀರುವಂತಿಲ್ಲ. ಒಪ್ಪಂದವೇ ಇಲ್ಲದಿದ್ದರೆ ಗಡುವು 15 ದಿನ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ದರದಲ್ಲಿ ಚಕ್ರಬಡ್ಡಿ ಸೇರುತ್ತದೆ. ಇಷ್ಟು ಸಾಲದೆಂಬಂತೆ, 2024ರ ಏಪ್ರಿಲ್ 1ರಿಂದ ಜಾರಿಗೆ ಬಂದ ಆದಾಯ ತೆರಿಗೆ ತಿದ್ದುಪಡಿಯ ಪ್ರಕಾರ, ಗಡುವಿನೊಳಗೆ ಕೊಡದ ಮೊತ್ತವನ್ನು ಖರೀದಿದಾರರು ಆ ವರ್ಷದ ಖರ್ಚಾಗಿ ತೋರಿಸಲು ಬರುವುದಿಲ್ಲ. ನಿಜವಾಗಿ ಕೊಟ್ಟ ವರ್ಷದಲ್ಲಿ ಮಾತ್ರ ತೋರಿಸಬಹುದು. ಲೆಕ್ಕಪತ್ರ ಸರಿಯಾಗಿ ಇಡುವ ಹೋಟೆಲಿನವರಿಗೆ ಅವರ ಆಡಿಟರ್ ಈ ಮಾತನ್ನು ಈಗಾಗಲೇ ಹೇಳಿರುತ್ತಾರೆ. ಇವುಗಳ ಪ್ರಯೋಜನ ಸಿಗಬೇಕಾದರೆ ‘ಉದ್ಯಮ್’ ನೋಂದಣಿ ಇರಬೇಕು. ಅದು ಆನ್‌ಲೈನ್‌ನಲ್ಲಿ ಉಚಿತ, ಆಧಾರ್ ಮತ್ತು ಪ್ಯಾನ್ ಸಾಕು; ಮಾಡಿಸಿಕೊಡುತ್ತೇವೆಂದು ಹಣ ಕೇಳುವವರ ಕೈಗೆ ಸಿಗಬೇಡಿ.

ಇದನ್ನೆಲ್ಲ ಹೇಳಿದ್ದು ಮಾಲೀಕರ ಮೇಲೆ ದೂರು ಕೊಡಿ ಎಂದಲ್ಲ. ನಮ್ಮ ಊರುಗಳಲ್ಲಿ ವ್ಯಾಪಾರ ನಡೆಯುವುದು ಮುಖ ನೋಡಿಕೊಂಡೇ. ಆದರೆ ನೋಂದಣಿ ಸಂಖ್ಯೆ ಮತ್ತು ಹಣ ಸಂದಾಯವಾಗಬೇಕಾದ ದಿನಾಂಕ ಎರಡನ್ನೂ ಬಿಲ್ಲಿನ ಮೇಲೆ ಮುದ್ರಿಸಿಬಿಟ್ಟರೆ, ನೀವು ಬಾಯಿ ತೆರೆಯುವ ಮೊದಲೇ ಕಾಗದ ಮಾತಾಡಿರುತ್ತದೆ. ಇನ್ನೊಂದು ಕ್ರಮವಿದೆ: ಹೊಸ ಸರಕು ಇಳಿಸುವ ದಿನವೇ ಹಳೆಯ ಬಿಲ್ಲಿನ ಹಣ ಕೇಳಬೇಕು, ಅದೂ ಪುಡಿಯ ಪ್ಯಾಕೆಟ್‌ಗಳು ಇನ್ನೂ ನಿಮ್ಮ ಕೈಯಲ್ಲಿರುವಾಗ, ಕಾಫಿ ಬರುವುದಕ್ಕೆ ಮುಂಚೆ. ‘ಸರ್, ಹೋದ ತಿಂಗಳ ಬಿಲ್ಲು ಇಷ್ಟಿದೆ, ಅದನ್ನು ಮುಗಿಸಿಬಿಡೋಣ’ ಎಂದರೆ ಸಾಕು. ವಿವರಣೆ ಸೇರಿಸಬೇಡಿ. ‘ಸ್ವಲ್ಪ ತೊಂದರೆಯಲ್ಲಿದ್ದೇನೆ’ ಎಂದು ಆರಂಭಿಸಿದರೆ, ನಿಮ್ಮ ಹಕ್ಕಿನ ಹಣ ಅವರ ಉಪಕಾರವಾಗಿ ಬದಲಾಗುತ್ತದೆ.

ಉತ್ತರ – ನಿವೃತ್ತ ಬ್ಯಾಂಕ್ ಅಧಿಕಾರಿ, ಹಾಸನ

ಸಾಲದ ಅರ್ಜಿಗಳನ್ನು ಮೇಜಿನ ಈಚೆ ಕುಳಿತು ಬಹಳ ಕಾಲ ನೋಡಿದವನಾಗಿ ಹೇಳುತ್ತೇನೆ: ಭಯವೇ ಇಲ್ಲದೆ ಬಂದ ಅರ್ಜಿದಾರರನ್ನು ಕಂಡಾಗ ನನಗೆ ಹೆಚ್ಚು ಆತಂಕವಾಗುತ್ತಿತ್ತು. ನಿಮ್ಮ ತಂದೆಯವರ ಮಾತನ್ನು ಹಳೆಯ ಕಾಲದವರ ಅಳುಕೆಂದು ತಳ್ಳಿಹಾಕಬೇಡಿ, ಅದರಲ್ಲಿ ಒಂದು ಸ್ಪಷ್ಟವಾದ ಷರತ್ತಿದೆ. ತೋಟ ಅಡಮಾನಕ್ಕೆ ಹೋಗಬಾರದು ಎಂಬುದೇ ಆ ಷರತ್ತು. ಅದನ್ನು ಒಪ್ಪಿಕೊಂಡೇ ಯೋಜನೆ ಮಾಡಬಹುದು. 2015ರಲ್ಲಿ ಆರಂಭವಾದ ಮುದ್ರಾ ಯೋಜನೆಯ ‘ಕಿಶೋರ್’ ವರ್ಗದಲ್ಲಿ 50 ಸಾವಿರದಿಂದ 5 ಲಕ್ಷದವರೆಗೆ ಆಸ್ತಿಯ ಅಡಮಾನವಿಲ್ಲದೆ ಸಾಲ ದೊರೆಯುತ್ತದೆ. ಆಹಾರ ಸಂಸ್ಕರಣೆಯ ಕಿರು ಉದ್ಯಮಗಳಿಗೆಂದೇ ಇರುವ ಪಿಎಂಎಫ್‌ಎಂಇ ಯೋಜನೆಯಲ್ಲಿ ಕೇಂದ್ರದ ಮಾರ್ಗಸೂಚಿಯಂತೆ ಯೋಜನಾ ವೆಚ್ಚದ ಶೇ 35ರಷ್ಟು, ಗರಿಷ್ಠ 10 ಲಕ್ಷ ರೂಪಾಯಿ ಸಹಾಯಧನವಿದೆ; ಕನಿಷ್ಠ ಶೇ 10 ನಿಮ್ಮ ಪಾಲು. ಸದ್ಯ ಅರ್ಜಿ ಸ್ವೀಕರಿಸುತ್ತಿದ್ದಾರೆಯೇ ಎಂಬುದನ್ನು ಜಂಟಿ ಕೃಷಿ ನಿರ್ದೇಶಕರ ಕಚೇರಿಯಲ್ಲಿ ವಿಚಾರಿಸಿ. ಒಂದು ಮಾತನ್ನು ಮರೆಮಾಚಬಾರದು: ಏಕ ಮಾಲೀಕತ್ವದ ವ್ಯವಹಾರದಲ್ಲಿ ಸಾಲಕ್ಕೆ ನೀವು ವೈಯಕ್ತಿಕವಾಗಿಯೂ ಹೊಣೆ. ಆದರೆ ತೋಟ ತಂದೆಯವರ ಹೆಸರಿನಲ್ಲಿದ್ದು, ಅವರು ಜಾಮೀನು ಸಹಿ ಹಾಕದಿದ್ದರೆ, ಆ ಹೊಣೆ ತೋಟದವರೆಗೆ ಹೋಗುವುದಿಲ್ಲ.

ಇನ್ನು ಲೆಕ್ಕ. ಐದು ಲಕ್ಷವನ್ನು ಶೇ 11ರ ಬಡ್ಡಿಯಲ್ಲಿ ಐದು ವರ್ಷಕ್ಕೆ ಪಡೆದರೆ ತಿಂಗಳ ಕಂತು ಸುಮಾರು 10,900 ರೂಪಾಯಿ. ಎಲ್ಲ ಖರ್ಚು ಕಳೆದು ಒಂದು ಕಿಲೋ ಪುಡಿಯಲ್ಲಿ 100 ರೂಪಾಯಿ ಉಳಿಯುತ್ತದೆ ಎಂದಿಟ್ಟುಕೊಂಡರೆ, ಕಂತಿಗಾಗಿಯೇ ತಿಂಗಳಿಗೆ 109 ಕಿಲೋ ಹೆಚ್ಚುವರಿಯಾಗಿ ಮಾರಾಟವಾಗಬೇಕು, ಹಣವೂ ಕೈಗೆ ಬರಬೇಕು. ಹುರಿಯುವಾಗ ತೂಕದಲ್ಲಿ ಶೇ 15ರಿಂದ 20ರಷ್ಟು ಕಳೆಯುವುದರಿಂದ, ಅಷ್ಟು ಪುಡಿಗೆ 130 ಕಿಲೋ ಸಮೀಪದ ಹಸಿ ಬೀಜ ಬೇಕು. ನಿಮ್ಮ ನಿಜವಾದ ಅಪಾಯ ಯಂತ್ರದಲ್ಲಿಲ್ಲ, ಈ ಬೀಜದ ದಾಸ್ತಾನಿನಲ್ಲಿದೆ. 2025ರ ಫೆಬ್ರವರಿಯಲ್ಲಿ ನ್ಯೂಯಾರ್ಕ್ ವಾಯಿದೆ ಮಾರುಕಟ್ಟೆಯಲ್ಲಿ ಅರೇಬಿಕಾ ಪೌಂಡಿಗೆ 4 ಡಾಲರ್ ದಾಟಿತು. ಕೆಲವೇ ತಿಂಗಳಲ್ಲಿ ಇಳಿದು, ಅದೇ ವರ್ಷ ಮತ್ತೆ ಏರಿತು. ಏರಿದ ದರದಲ್ಲಿ ಸಾಲದ ಹಣದಿಂದ ಬೀಜ ತುಂಬಿಸಿಟ್ಟವರು ಕೈ ಸುಟ್ಟುಕೊಳ್ಳುತ್ತಾರೆ. ಯಂತ್ರಕ್ಕೆ ಸಾಲ ಮಾಡಿ. ಬೀಜವನ್ನು ಆರ್ಡರ್ ಇದ್ದಷ್ಟೇ ಕೊಳ್ಳಿ.

ಉದ್ಯಮಿಗಳ ಆಲೋಚನಾ ಕ್ರಮವನ್ನು ಅಧ್ಯಯನ ಮಾಡಿದ ಸರಸ್ ಸರಸ್ವತಿ ಎಂಬ ವಿದ್ವಾಂಸರು 2001ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ಅನುಭವಿ ಉದ್ಯಮಿಗಳು ‘ಎಷ್ಟು ಲಾಭ ಬಂದೀತು’ ಎಂಬುದಕ್ಕಿಂತ ಮೊದಲು ‘ಎಷ್ಟು ಕಳೆದುಕೊಂಡರೆ ತಾಳಿಕೊಂಡೇನು’ ಎಂಬುದನ್ನು ಗೊತ್ತು ಮಾಡಿಕೊಳ್ಳುತ್ತಾರೆ ಎಂದು ತೋರಿಸಿದ್ದಾರೆ. ನಮ್ಮ ಜಿಲ್ಲೆಯ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ಅವರನ್ನೇ ನೋಡಿ. ಹೇಮಾವತಿ ಜಲಾಶಯದಲ್ಲಿ ಕುಟುಂಬದ ಜಮೀನು ಮುಳುಗಿದ ಮೇಲೆ ಬರಡು ನೆಲದಲ್ಲಿ ಕೃಷಿ ಆರಂಭಿಸಿ, ಸಣ್ಣ ವ್ಯವಹಾರಗಳಲ್ಲಿ ಪಳಗಿದ ನಂತರವೇ ಅವರು 2003ರಲ್ಲಿ ಏರ್ ಡೆಕ್ಕನ್ ವಿಮಾನ ಹಾರಿಸಿದ್ದು. ಜನ ವಿಮಾನವನ್ನು ನೆನಪಿಡುತ್ತಾರೆ, ಅದರ ಹಿಂದಿನ ವರ್ಷಗಳನ್ನಲ್ಲ. ತಾಳಿಕೊಳ್ಳಬಲ್ಲ ನಷ್ಟವೆಷ್ಟೆಂದು ಒಂದು ಕಾಗದದ ಮೇಲೆ ಬರೆದು, ಅದನ್ನು ತಂದೆಯವರ ಎದುರು ಇಟ್ಟು ಮಾತಾಡಿ.

ಉತ್ತರ – ಬೇಕರಿ ನಡೆಸುವ ಗೃಹಿಣಿ, ಚಿಕ್ಕಮಗಳೂರು

ಮೇಲಿನ ಇಬ್ಬರೂ ಹೇಳಿದ್ದು ಸರಿ. ಆದರೂ ಕಾನೂನು ಗೊತ್ತಿದ್ದು, ಲೆಕ್ಕ ಕೈಯಲ್ಲಿದ್ದೂ ಗಲ್ಲಾದ ಮುಂದೆ ನಾಲಿಗೆ ಒಣಗುವುದುಂಟು. ಆ ಭಯ ಲೆಕ್ಕಕ್ಕೆ ಬಗ್ಗುವುದಿಲ್ಲ. ಕೇಳದೆ ಎದ್ದು ಬಂದಾಗ ಒಂದು ನಿರಾಳ ಸಿಗುತ್ತದಲ್ಲ, ಆ ನಿರಾಳವೇ ಮುಂದಿನ ಸಲದ ಭಯಕ್ಕೆ ಗೊಬ್ಬರ. ತಪ್ಪಿಸಿಕೊಂಡಷ್ಟೂ ಭಯ ಬಲಿಯುತ್ತದೆ ಎಂಬುದು ಮನೋವಿಜ್ಞಾನದಲ್ಲಿ ನೆಲೆನಿಂತ ವಿಚಾರ. ಮನೋವೈದ್ಯ ಜೋಸೆಫ್ ವೋಲ್ಪೆ 1950ರ ದಶಕದಲ್ಲಿ ರೂಪಿಸಿದ ಚಿಕಿತ್ಸಾ ಕ್ರಮವೂ ಕಡಿಮೆ ಭಯದ ಸಂದರ್ಭದಿಂದ ಆರಂಭಿಸಿ ಮೆಟ್ಟಿಲು ಮೆಟ್ಟಿಲಾಗಿ ಏರುವುದೇ ಆಗಿದೆ. ಆದ್ದರಿಂದ ದೊಡ್ಡ ಬಾಕಿಯ ಹೋಟೆಲಿನಿಂದ ಆರಂಭಿಸಬೇಡಿ. ಚಿಕ್ಕ ಮೊತ್ತದ, ಒಳ್ಳೆಯ ಮಾತಿನ ಹೋಂಸ್ಟೇಯವರನ್ನು ಮೊದಲು ಕೇಳಿ. ಅಲ್ಲಿ ‘ಮುಂದಿನ ವಾರ ಕೊಡುತ್ತೇನೆ’ ಎಂಬ ಉತ್ತರ ಬಂದರೂ ಕೇಳಿದ್ದು ಸಾರ್ಥಕವೇ, ಏಕೆಂದರೆ ಅಲ್ಲಿ ಅಭ್ಯಾಸವಾಗುತ್ತಿರುವುದು ವಸೂಲಿಯಲ್ಲ, ಕೇಳುವುದು.

ಜಿಲ್ಲೆಯ ಆರ್‌ಸೆಟಿಯಲ್ಲಿ (ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆ) ಉಚಿತ ವಸತಿ ತರಬೇತಿ ಇರುತ್ತದೆ; 1982ರಲ್ಲಿ ಉಜಿರೆಯಲ್ಲಿ ಆರಂಭವಾದ ರುಡ್‌ಸೆಟ್ ಸಂಸ್ಥೆಯೇ ಇದಕ್ಕೆ ಮಾದರಿ. ಉದ್ಯಮಶೀಲತಾ ತರಬೇತಿಗಳಲ್ಲಿ ಗೂಟಕ್ಕೆ ಬಳೆ ಎಸೆಯುವ ಒಂದು ಆಟ ಆಡಿಸುತ್ತಾರೆ. ಗೂಟದ ತೀರ ಹತ್ತಿರ ನಿಂತು ಎಸೆಯುವವರೂ ಇರುತ್ತಾರೆ, ಎಟುಕದ ದೂರದಿಂದ ಎಸೆಯುವವರೂ ಇರುತ್ತಾರೆ. ಕಷ್ಟವಾದರೂ ಸಾಧ್ಯವಿರುವ ನಡುವಿನ ದೂರವನ್ನು ಆಯ್ದುಕೊಳ್ಳುವವರಲ್ಲಿ ಸಾಧನೆಯ ಹಂಬಲ ಹೆಚ್ಚು ಎಂಬುದು ಅಮೆರಿಕದ ಡೇವಿಡ್ ಮೆಕ್‌ಲೆಲ್ಯಾಂಡ್ ಅವರ ಸಿದ್ಧಾಂತ. 1960ರ ದಶಕದಲ್ಲಿ ಅವರು ಆಂಧ್ರದ ಕಾಕಿನಾಡದ ಸಣ್ಣ ವ್ಯಾಪಾರಿಗಳಿಗೆ ತರಬೇತಿ ಕೊಡಿಸಿ, ಆ ಹಂಬಲವನ್ನು ಕಲಿಸಬಹುದೇ ಎಂದು ಪರೀಕ್ಷಿಸಿದ್ದರು. ನನ್ನ ಮಟ್ಟಿಗೆ ಆರ್‌ಸೆಟಿ ತರಬೇತಿಯ ಪಾಠಗಳಿಗಿಂತ, ನನ್ನಂತೆಯೇ ಅಂಜುವವರ ಜೊತೆ ಕಳೆದ ಸಂಜೆಗಳೇ ಹೆಚ್ಚು ಉಪಯೋಗಕ್ಕೆ ಬಂದವು.

ನಾಲ್ಕು ಜನರ ಮಾತಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ನೀವು ಗೆದ್ದರೂ ಅವರು ಆಡುತ್ತಾರೆ. ಆದರೆ ಭಯದಿಂದ ನಿದ್ದೆ ಕೆಡುತ್ತಿದ್ದರೆ, ಎದೆಬಡಿತ ಹೆಚ್ಚಿ ಕೆಲಸಕ್ಕೇ ಅಡ್ಡಿಯಾಗುತ್ತಿದ್ದರೆ ಅದನ್ನು ಧೈರ್ಯದ ಕೊರತೆ ಎಂದುಕೊಳ್ಳದೆ ವೈದ್ಯರನ್ನು ಕಾಣಿ; ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲಿಯೇ ಮಾತಾಡಬಹುದು.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಅಡಮಾನ ಮತ್ತು ಜಾಮೀನಿನ ವಿಷಯವನ್ನು ಅಪ್ಪನಿಗೆ ಓದಿ ಹೇಳಿದೆ. ಅವರು ಒಪ್ಪಿದರೆಂದು ಹೇಳಲಾರೆ, ಆದರೆ ಕಂತಿನ ಲೆಕ್ಕವನ್ನು ತಾವೇ ಇನ್ನೊಮ್ಮೆ ಹಾಕಿ ನೋಡಿದರು. ಉದ್ಯಮ್ ನೋಂದಣಿಯನ್ನು ಈ ವಾರವೇ ಮಾಡಿಸುತ್ತೇನೆ. ಒಂದು ಸಂದೇಹ ಉಳಿದಿದೆ: ಈಗಾಗಲೇ ಹಳೆಯದಾಗಿರುವ ಬಾಕಿಗಳನ್ನು ಏನು ಮಾಡಲಿ, ಅಣ್ಣ?

ಉತ್ತರ – ಮಸಾಲೆ ಪದಾರ್ಥಗಳ ಪ್ಯಾಕಿಂಗ್ ಘಟಕ, ಸಕಲೇಶಪುರ

ನೋಂದಣಿಗೆ ಮುಂಚೆ ಕೊಟ್ಟ ಸರಕಿಗೆ ಆ ಕಾಯ್ದೆಯ ರಕ್ಷಣೆ ಸಿಗುವುದು ಕಷ್ಟ, ಹಾಗಾಗಿ ಅವನ್ನು ಬೇರೆಯಾಗಿ ನಿಭಾಯಿಸಿ. ಪ್ರತಿಯೊಬ್ಬರ ಬಾಕಿಯನ್ನು ದಿನಾಂಕವಾರು ಬರೆದು, ಕೆಳಗೆ ‘ಇಷ್ಟು ಮೊತ್ತ ಬಾಕಿ ಇರುವುದು ಸರಿಯಿದೆ’ ಎಂಬ ಒಂದು ಸಾಲು ಸೇರಿಸಿ, ಅವರ ಸಹಿ ಮತ್ತು ದಿನಾಂಕ ಪಡೆಯಿರಿ. ಮಾರಿದ ಸರಕಿನ ಹಣಕ್ಕಾಗಿ ದಾವೆ ಹೂಡಲು 1963ರ ಕಾಲಮಿತಿ ಕಾಯ್ದೆಯಲ್ಲಿ ಮೂರು ವರ್ಷದ ಅವಧಿಯಿದೆ. ಅದು ಮುಗಿಯುವ ಮೊದಲು ಲಿಖಿತ ಒಪ್ಪಿಗೆ ಸಿಕ್ಕರೆ ಆ ದಿನದಿಂದ ಹೊಸದಾಗಿ ಎಣಿಕೆ ಶುರುವಾಗುತ್ತದೆ. ‘ಲೆಕ್ಕ ತಾಳೆ ನೋಡುತ್ತಿದ್ದೇನೆ, ಒಂದು ಸಹಿ ಬೇಕು’ ಎಂದು ಕೇಳುವುದು ಹಣ ಕೇಳುವುದಕ್ಕಿಂತ ಸುಲಭ. ಬಹುತೇಕರು ಸಹಿ ಹಾಕುವಾಗಲೇ ಒಂದಿಷ್ಟು ಕೊಟ್ಟು ಕಳುಹಿಸುತ್ತಾರೆ.