ತುರಹಳ್ಳಿ ಕಾಡಿಗೆ ಬೆಂಚು, ಹಾದಿ ಬೇಕೇ?

(ಅಡ್ಡಹೆಸರಿನಲ್ಲಿ ನಾಲ್ವರು ನಡೆಸಿದ ಮಾತುಕತೆ)

ಆರನೇ ಹಂತದ ಅಜ್ಜ: 2021ರ ಆರಂಭದಲ್ಲಿ ಅರಣ್ಯ ಇಲಾಖೆ ತುರಹಳ್ಳಿಯಲ್ಲಿ ವೃಕ್ಷೋದ್ಯಾನ ಮಾಡಲು ಹೊರಟಿತ್ತು. ಜನ ವಿರೋಧಿಸಿದರು, ಕೆಲಸ ನಿಂತಿತು. ಬೆಂಗಳೂರಿನ ದಕ್ಷಿಣದ ಅಂಚಿನಲ್ಲಿ ಸುಮಾರು 600 ಎಕರೆ ಕಾಡು ಉಳಿದದ್ದು ಸಂತೋಷವೇ. ಆದರೆ ನನ್ನಂತೆ ಮೊಣಕಾಲು ಸವೆದವರ ಪಾಡೇನು? ಬಂಡೆಯ ಮೇಲಿನ ಹರಳುಮಣ್ಣಿಗೆ ಚಪ್ಪಲಿ ಜಾರುತ್ತದೆ. ಸ್ವಲ್ಪ ಸಮತಟ್ಟಾದ ಹಾದಿ, ನಾಲ್ಕು ಬೆಂಚು ಕೇಳಿದರೆ ಕಾಡು ಮುಳುಗಿಹೋಗುತ್ತದೆಯೇ?

ಗೌಜಲಕ್ಕಿ: ರಾಯರೇ, ನಾಲ್ಕೇ ಬೆಂಚಿಗೆ ಯಾರೂ ಟೆಂಡರ್ ಕರೆಯುವುದಿಲ್ಲ. ಬೆಂಚಿನ ಹಿಂದೆಯೇ ದೀಪ, ಬೇಲಿ, ಕೊನೆಗೆ ಟಿಕೆಟ್ ಕೌಂಟರ್ ಬರುತ್ತವೆ. ನವಿಲು, ಗೌಜಲಕ್ಕಿ ಎರಡೂ ಮೊಟ್ಟೆಯಿಡುವುದು ನೆಲದ ಮೇಲೆ, ಪೊದೆಯ ಮರೆಯಲ್ಲಿ. ನಡೆಯುವವರಿಗೆ ಚೊಕ್ಕಟವಾಗಿ ಕಾಣಲೆಂದು ಪೊದೆ ಸವರಿದರೆ ಅವು ಎಲ್ಲಿಗೆ ಹೋಗಬೇಕು? ಬೆಂಚಿಗೆ ಬಡಾವಣೆಯ ಉದ್ಯಾನಗಳಿವೆ. 2024ರಲ್ಲಿ ಪಾಲಿಕೆ ಅವುಗಳ ವೇಳೆಯನ್ನು ಬೆಳಿಗ್ಗೆ 5ರಿಂದ ರಾತ್ರಿ 10ರವರೆಗೆ ವಿಸ್ತರಿಸಿದೆ.

ಎರಡು ಚಕ್ರ: ಅದನ್ನು ದೇವರ ಕಾಡು ಮಾಡಬೇಡಿ. ಅಲ್ಲಿರುವ ನೀಲಗಿರಿ ಮನುಷ್ಯರೇ ನೆಟ್ಟದ್ದು. ಬಂಡೆ ಹತ್ತುವವರು, ಸೈಕಲ್ಲಿನವರು ವರ್ಷಗಳಿಂದ ಬರುತ್ತಿದ್ದಾರೆ, ಏನು ಹಾಳಾಯಿತು?

ಗೌಜಲಕ್ಕಿ: ಏನು ಹಾಳಾಯಿತೆಂದು ಮಳೆಯ ಮರುದಿನ ಬಂದು ನೋಡಿ. ಟೈರು ಕೊರೆದ ಗೆರೆಯಲ್ಲೇ ಮುಂದಿನ ಮಳೆಯ ನೀರು ಹರಿಯುತ್ತದೆ, ಮಣ್ಣು ಕೊಚ್ಚಿಹೋಗಿ ಬೇರು ಹೊರಬೀಳುತ್ತದೆ. ನಡೆಯುವವರು ಕೊರಕಲು ತಪ್ಪಿಸಿ ಪಕ್ಕದ ಹುಲ್ಲು ತುಳಿಯುತ್ತಾರೆ. ಒಂದಡಿಯ ಕಾಲುದಾರಿ ಎತ್ತಿನ ಗಾಡಿ ಹೋಗುವಷ್ಟು ಅಗಲವಾಗುವುದು ಹೀಗೆಯೇ.

ಎರಡು ಚಕ್ರ: ಅದಕ್ಕೆ ಮದ್ದಿದೆಯಲ್ಲ. ಇಳಿಜಾರಿಗೆ ಓರೆಯಾಗಿ ಕಲ್ಲು ಹೂತು ಸಾಲುಮಾಡಿದರೆ ನೀರು ಪೊದೆಯತ್ತ ತಿರುಗುತ್ತದೆ. ಸಿಮೆಂಟೂ ಬೇಡ, ಗುತ್ತಿಗೆದಾರನೂ ಬೇಡ. ಇಲಾಖೆ ಒಪ್ಪಿದರೆ ಭಾನುವಾರ ನಾವೇ ಬಂದು ಮಾಡುತ್ತೇವೆ.

ಕನಕಪುರ ರಸ್ತೆಯವಳು: ಹಕ್ಕಿ, ಚಕ್ರ ಎರಡರ ವಿಚಾರವೂ ಆಯಿತು. ಹೆಂಗಸೊಬ್ಬಳು ಒಬ್ಬಳೇ ಹೋಗುವುದು ಹೇಗೆಂದು ಯಾರೂ ಕೇಳಲಿಲ್ಲ. ಬಂಡೆಯ ಸಂದಿಯಲ್ಲಿ ಬಿಯರ್ ಬಾಟಲಿಯ ಚೂರು, ಪಕ್ಕದಲ್ಲಿ ಸುಟ್ಟ ಸಿಗರೇಟು. ಬೇಸಿಗೆಯಲ್ಲಿ ಒಣಹುಲ್ಲಿಗೆ ಕಿಡಿ ತಾಗಿದರೆ ನಿಮ್ಮ ಗೌಜಲಕ್ಕಿಯ ಗೂಡೂ ಉಳಿಯುವುದಿಲ್ಲ. ನನಗೆ ದೀಪವೂ ಬೇಡ, ಬೆಂಚೂ ಬೇಡ. ಬೆಳಿಗ್ಗೆ ಸಂಜೆ ಸುತ್ತುವ ಇಬ್ಬರು ಅರಣ್ಯ ಕಾವಲುಗಾರರು ಸಾಕು.

ಗೌಜಲಕ್ಕಿ: ಮೇಡಂ, ಇದಕ್ಕೆ ನನ್ನ ತಕರಾರಿಲ್ಲ. ಗುಂಪು ಕಟ್ಟಿಕೊಂಡು ಹೋಗುವ ನಮ್ಮಂಥವರಿಗೆ ಆ ಭಯ ಗೊತ್ತಾಗುವುದಿಲ್ಲ.

ಆರನೇ ಹಂತದ ಅಜ್ಜ: ಎಲ್ಲರ ಬೇಡಿಕೆಗೂ ಒಪ್ಪಿಗೆ ಸಿಕ್ಕಿತು, ನನ್ನದೊಂದು ಬಿಟ್ಟು. ಉದ್ಯಾನಕ್ಕೆ ಹೋಗಿ ಎನ್ನುತ್ತೀರಿ. ನಮ್ಮ ಬಡಾವಣೆಯ ಉದ್ಯಾನ ಮೂವತ್ತು ಹೆಜ್ಜೆಗೆ ಮುಗಿಯುತ್ತದೆ, ಅರ್ಧ ಜಾಗವನ್ನು ಜಿಮ್ ಸಲಕರಣೆಗಳು ನುಂಗಿವೆ.

ಎರಡು ಚಕ್ರ: ಅಜ್ಜ, ಗೇಟಿನ ಬಳಿಯ ಹಾದಿ ಹೇಗೂ ಸಮತಟ್ಟಾಗಿದೆ. ಅಲ್ಲಿ ಕೂರಲು ಎರಡು ಚಪ್ಪಡಿ ಕಲ್ಲು ಹಾಕಿಸಿ ಎಂದು ಅರ್ಜಿ ಬರೆಯೋಣವೇ? ಮೊದಲ ಸಹಿ ಗೌಜಲಕ್ಕಿಯವರದು.

ಗೌಜಲಕ್ಕಿ: ಎರಡು ಎಂದು ಅಕ್ಷರದಲ್ಲಿ ಬರೆದರೆ ಹಾಕುತ್ತೇನೆ.