ಮೊದಲ ಸಾಲಿನ ತಕರಾರು: ಹಳೆಯ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿನಿಂದ

ಸುಮಾ: ನನ್ನ ತರಗತಿಯ ಮಕ್ಕಳಿಗಾಗಿ ಮಾಡಿದ ಕೋಷ್ಟಕವನ್ನು ಇಲ್ಲಿಯೂ ಹಾಕಿದ್ದೇನೆ, ಮನೆಯಲ್ಲಿ ಓದುವ ಮಕ್ಕಳಿರುವವರು ಬಳಸಿಕೊಳ್ಳಿ. ಮೊದಲ ಸಾಲೊಂದು ನೆನಪಿದ್ದರೆ ಸಾಕು: ವಸ್ತುವನ್ನು ಮೊದಲಿನ ಸ್ಥಿತಿಗೆ ತರಬಹುದಾದರೆ ಭೌತ ಬದಲಾವಣೆ, ತರಲಾಗದಿದ್ದರೆ ರಾಸಾಯನಿಕ ಬದಲಾವಣೆ.

ಗಣಪತಿ: ಸುಮಾ, ಕೋಷ್ಟಕ ಅಚ್ಚುಕಟ್ಟಾಗಿದೆ, ಆದರೆ ಆ ಮೊದಲ ಸಾಲನ್ನು ನಾನು ಒಪ್ಪುವುದಿಲ್ಲ. ಅಡಕತ್ತರಿಯಲ್ಲಿ ಹೋಳು ಮಾಡಿದ ಅಡಿಕೆಯನ್ನು ಮತ್ತೆ ಇಡಿಯಾಗಿಸಲು ಯಾರಿಂದಲೂ ಆಗದು. ಹಾಗೆಂದು ಹೋಳು ಅಡಿಕೆಯಲ್ಲದೆ ಬೇರೆ ವಸ್ತುವಾಯಿತೇ? ಮೈಲುತುತ್ತದ, ಅಂದರೆ ತಾಮ್ರದ ಸಲ್ಫೇಟಿನ, ನೀಲಿ ಹರಳನ್ನು ಚೆನ್ನಾಗಿ ಕಾಯಿಸಿದರೆ, ಹರಳಿನಲ್ಲಿ ತಾಮ್ರದೊಂದಿಗೆ ಬೆಸೆದುಕೊಂಡಿದ್ದ ನೀರು ಹಾರಿಹೋಗಿ ಬಿಳಿ ಪುಡಿ ಉಳಿಯುತ್ತದೆ, ಆ ಪುಡಿಯ ಮೇಲೆ ನಾಲ್ಕು ಹನಿ ನೀರು ಬಿಟ್ಟರೆ ಅದು ಬಿಸಿಯೇರಿ ಮತ್ತೆ ನೀಲಿಯಾಗುತ್ತದೆ. ಇದನ್ನು ಯಾವ ಕಡೆ ಬರೆಯುತ್ತೀಯ?

ಸುಮಾ: ಅದು ಅಪವಾದ. ಮಂಜುಗಡ್ಡೆ ಕರಗುವುದು, ಕಾಗದ ಉರಿಯುವುದು ಇಂಥವನ್ನೇ ಕೇಳುವ ಪರೀಕ್ಷೆಯಲ್ಲಿ ಒಂದು ಅಂಕಕ್ಕಾಗಿ ಮಗು ಅಪವಾದಗಳನ್ನೆಲ್ಲ ತೂಗುತ್ತ ಕೂರಬೇಕೇ?

ನಾಗರಾಜ: ಹಾಗಾದರೆ ನನ್ನ ಅಂಗಡಿ ನಡೆಯುತ್ತಿರುವುದೇ ಅಪವಾದದ ಮೇಲೆ. ಲೆಡ್ ಆಸಿಡ್ ಬ್ಯಾಟರಿ ಖಾಲಿಯಾಗುವಾಗ ಒಂದು ಪ್ಲೇಟಿನ ಸೀಸವೂ ಇನ್ನೊಂದರ ಸೀಸದ ಡೈಆಕ್ಸೈಡೂ ಸೀಸದ ಸಲ್ಫೇಟ್ ಆಗುತ್ತವೆ, ಆಸಿಡ್ ತೆಳುವಾಗಿ, ಅದರ ಸಾಂದ್ರತೆ ಅಳೆಯುವ ಹೈಡ್ರೋಮೀಟರಿನ ತೇಲು ಕೆಳಗಿಳಿಯುತ್ತದೆ. ಚಾರ್ಜಿಗೆ ಹಾಕಿದರೆ ಎಲ್ಲವೂ ಮೊದಲಿನಂತಾಗಿ ತೇಲು ಮೇಲೇರುತ್ತದೆ. ಇದನ್ನು ಭೌತ ಬದಲಾವಣೆಯೆಂದು ಯಾರೂ ಹೇಳಲಾರರು.

ಫಾತಿಮಾ: ಬಟ್ಟೆಯ ಅರಿಸಿನದ ಕಲೆಗೆ ಸೋಪು ತಾಗಿದರೆ ಕೆಂಪು, ನಿಂಬೆರಸ ಹಿಂಡಿದರೆ ಮತ್ತೆ ಹಳದಿ. ಅದೂ ಇದೇ ಗುಂಪಿಗೆ ಸೇರಬೇಕಲ್ಲವೇ? ಹಾಗಿದ್ದರೆ ಮಕ್ಕಳಿಗೆ ಹೇಳಿಕೊಡಬೇಕಾದದ್ದು ಏನು, ಗಣಪತಿ?

ಗಣಪತಿ: ಹೌದು, ಸೇರುತ್ತದೆ. ಕೇಳಬೇಕಾದ ಪ್ರಶ್ನೆ ಒಂದೇ: ಹೊಸ ವಸ್ತು ಹುಟ್ಟಿತೇ? ಬಣ್ಣ, ಬಿಸಿ, ಗುಳ್ಳೆ ಇವೆಲ್ಲ ಸುಳಿವುಗಳು ಮಾತ್ರ. ನೀರು ಕುದಿಯುವಾಗಲೂ ಗುಳ್ಳೆ ಏಳುತ್ತದೆ. ಅಡಿಕೆಯ ಕೊಳೆರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣ ಮಾಡುವಾಗ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು ಎಂಬುದು ಲೆಕ್ಕ. ಸುಣ್ಣದ ಹದ ತಿಳಿಯಲು ಉಜ್ಜಿ ಹೊಳಪು ಬರಿಸಿದ ಕಬ್ಬಿಣದ ಚೂರಿಯನ್ನು ಸ್ವಲ್ಪ ಹೊತ್ತು ಅದರಲ್ಲಿ ಅದ್ದಿಡುತ್ತೇವೆ. ಅಲಗಿನ ಮೇಲೆ ಕೆಂಪು ಲೇಪ ಕೂತರೆ ಸುಣ್ಣ ಸಾಲದೆಂದರ್ಥ. ಆ ಕೆಂಪು ಶುದ್ಧ ತಾಮ್ರ. ಕಬ್ಬಿಣ ಕರಗಿ ದ್ರಾವಣಕ್ಕಿಳಿದಿರುತ್ತದೆ, ಅದರ ಜಾಗಕ್ಕೆ ತಾಮ್ರ ಬಂದಿರುತ್ತದೆ. ಮಗು ಇದನ್ನು ಒಮ್ಮೆ ಕಣ್ಣಾರೆ ಕಂಡರೆ ಕೋಷ್ಟಕವೇ ಬೇಡ.

ಸುಮಾ: ಹಾಗಾದರೆ ಉಪ್ಪು? ನೀರಿಗೆ ಬಿದ್ದೊಡನೆ ಅದರ ಹರಳು ಒಡೆದು ಸೋಡಿಯಂ, ಕ್ಲೋರೈಡ್ ಅಯಾನುಗಳು (ವಿದ್ಯುದಾವೇಶವಿರುವ ಕಣಗಳು) ಬೇರೆಬೇರೆಯಾಗುತ್ತವೆ. ಅದನ್ನು ನಾವೆಲ್ಲರೂ ಭೌತ ಬದಲಾವಣೆ ಎಂದೇ ಕಲಿತೆವು, ನಾನೂ ಹಾಗೆಯೇ ಕಲಿಸುತ್ತೇನೆ.

ಗಣಪತಿ: ಅಲ್ಲಿ ಗೆರೆ ಮಸುಕಾಗಿದೆ, ನಿಜ. ನೀರು ಆರಿದ ಮೇಲೆ ಅದೇ ಉಪ್ಪು ಉಳಿಯುತ್ತದೆಂದು ಭೌತದ ಕಡೆ ಇಡುವುದು ರೂಢಿ. ಆದರೆ ಅದೇ ತರ್ಕ ಮೈಲುತುತ್ತಕ್ಕೆ ಏಕಿಲ್ಲ ಎಂದು ಜಾಣ ಮಗುವೊಂದು ಕೇಳಿಯೇ ಕೇಳುತ್ತದೆ.

ಸುಮಾ: ಕೇಳಲಿ. ಉಪ್ಪಿನ ಸಾಲು ಇದ್ದಲ್ಲೇ ಇರುತ್ತದೆ. ‘ಹೊಸ ವಸ್ತು ಉಂಟಾಯಿತೇ?’ ಎಂಬುದನ್ನು ಮೊದಲ ಸಾಲಿಗೆ ತಂದು, ‘ಹಿಂದಕ್ಕೆ ತರಬಹುದೇ?’ ಎಂಬುದನ್ನು ಸುಳಿವುಗಳ ಪಟ್ಟಿಗೆ ಇಳಿಸುತ್ತೇನೆ. ಚೂರಿಯನ್ನು ಅದ್ದುವ ವಿಡಿಯೊ ಇದ್ದರೆ ಕಳುಹಿಸು, ಸೋಮವಾರ ಬೇಕು.